ಮೊಳೆ ಜೋಡಿಸುವವನ ಜಾಣ್ಮೆ ಸಂಕೇತಕ್ಕೆ ಇಳಿದ ಕಥೆ

1977ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ ಅವರ ಕೈಗೆ ಒಂದು ಕಟ್ಟು ಕರಡಚ್ಚು ಬಂತು. ಅದು ಅವರ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಮಾಲೆಯ ಎರಡನೆಯ ಸಂಪುಟದ ಹೊಸ ಆವೃತ್ತಿ. 1969ರಲ್ಲಿ ಇದೇ ಸಂಪುಟವನ್ನು ಮಾನೋಟೈಪ್ ಯಂತ್ರ ಎರಕ ಹೊಯ್ದ ಸೀಸದ ಮೊಳೆಗಳಿಂದ ಅಚ್ಚು ಹಾಕಿದ್ದರು. ಅಷ್ಟರಲ್ಲಿ ಆ ಯಂತ್ರಗಳು ಮೂಲೆ ಸೇರಿ ಫೋಟೋ ಟೈಪ್‌ಸೆಟ್ಟಿಂಗ್ ಬಂದಿತ್ತು. ಹೊಸ ಪುಟಗಳಲ್ಲಿ ಹಳೆಯ ಚೆಲುವಿರಲಿಲ್ಲ. ಕ್ನೂತ್ ಅವರ ಮನಸ್ಸು ಮುದುಡಿತು.

ಆ ಹೊತ್ತಿನಲ್ಲೇ ಡಿಜಿಟಲ್ ಯಂತ್ರದಲ್ಲಿ ಸಿದ್ಧವಾದ ಪುಸ್ತಕವೊಂದರ ಪುಟಗಳು ಅವರ ಕಣ್ಣಿಗೆ ಬಿದ್ದವು. ಅಲ್ಲಿ ಅಕ್ಷರವೆಂದರೆ ಬರೀ ಚುಕ್ಕಿಗಳು: ಶಾಯಿ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದು, ಸೊನ್ನೆಗಳನ್ನು ಆಳುವುದು ತಮ್ಮದೇ ವಿದ್ಯೆ. ಮೇ 13ರಂದು ಕುಳಿತು ಅವರು ಹೊಸ ವ್ಯವಸ್ಥೆಯ ರೂಪುರೇಷೆ ಬರೆದರು. ಗ್ರೀಕಿನಲ್ಲಿ ಕಲೆ, ಕಸುಬು ಎರಡನ್ನೂ ಸೂಚಿಸುವ ಪದದಿಂದ ಹೆಸರು ಆರಿಸಿ 'ಟೆಕ್' ಎಂದರು.

ಕಂಪ್ಯೂಟರಿಗೆ ಪುಟ ಕಟ್ಟುವುದನ್ನು ಹೇಳಿಕೊಟ್ಟವರಲ್ಲಿ ಅವರೇ ಮೊದಲಿಗರಲ್ಲ. 1964ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್ಜರ್ 'ರನ್‌ಆಫ್' ಬರೆದಿದ್ದರು. ಅದರ ಸಂತಾನವಾದ 'ಟ್ರಾಫ್' ಅನ್ನು ಬೆಲ್ ಲ್ಯಾಬ್ಸ್‌ನಲ್ಲಿ ಜೋ ಒಸ್ಸಾನಾ ಬೆಳೆಸಿದರು. ಸಂಪಾದಕ ಹಸ್ತಪ್ರತಿಯ ಅಂಚಿನಲ್ಲಿ 'ಇದು ದಪ್ಪಕ್ಷರ, ಇದು ಶೀರ್ಷಿಕೆ' ಎಂದು ಮೊಳೆ ಜೋಡಿಸುವ ಕಂಪೋಸಿಟರನಿಗೆ ಗುರುತು ಹಾಕುವಂತೆಯೇ, ಇಲ್ಲಿ ಬರಹದ ನಡುವೆ ಯಂತ್ರಕ್ಕೆ ಗುರುತು ಹಾಕಬೇಕು.

ಕ್ನೂತ್ ಮಾತ್ರ ಹಳೆಯ ಕಂಪೋಸಿಟರನ ಕೈಚಳಕಕ್ಕೇ ಮನಸೋತವರು. ಹಳೆಯ ಗಣಿತ ಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಸಮೀಕರಣದ ಚಿಹ್ನೆಗಳ ನಡುವೆ ನುರಿತ ಕೈ ಎಷ್ಟೆಷ್ಟು ಜಾಗ ಬಿಟ್ಟಿದೆ ಎಂದು ಪರಿಶೀಲಿಸಿ ನಿಯಮ ಮಾಡಿದರು. ಟೆಕ್‌ನಲ್ಲಿ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ. ಪೆಟ್ಟಿಗೆಗಳ ನಡುವಿನ ಖಾಲಿ ಜಾಗಕ್ಕೆ ಅವರಿಟ್ಟ ಹೆಸರು 'ಅಂಟು'. ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅಳತೆಯ ಅತಿ ಚಿಕ್ಕ ಮಾನ, ಮುದ್ರಣದ ಅಳತೆಯಾದ ಒಂದು ಪಾಯಿಂಟಿನ 65,536ನೆಯ ಪಾಲು, ಬೆಳಕಿನ ಅಲೆಯ ಉದ್ದಕ್ಕಿಂತಲೂ ಕಿರಿದು.

ಮೊಳೆ ಜೋಡಿಸುವವನು ಒಂದು ಸಾಲು ಮುಗಿಸಿ ಮುಂದಿನದಕ್ಕೆ ಹೋಗುತ್ತಿದ್ದ. ಶಿಷ್ಯ ಮೈಕೆಲ್ ಪ್ಲಾಸ್ ಜೊತೆ ಕ್ನೂತ್ ರೂಪಿಸಿದ ವಿಧಾನವಾದರೋ ಇಡೀ ಪ್ಯಾರಾವನ್ನು ಒಟ್ಟಿಗೆ ನೋಡಿ, ಎಲ್ಲೆಲ್ಲಿ ಸಾಲು ಮುರಿದರೆ ಒಟ್ಟಂದ ಕೆಡದು ಎಂದು ಲೆಕ್ಕ ಹಾಕುತ್ತದೆ. ಸಾಲಿನ ಕೊನೆಯಲ್ಲಿ ಪದವನ್ನು ಎಲ್ಲಿ ಒಡೆಯಬಹುದೆಂಬ ಪ್ರಶ್ನೆಯನ್ನು ಇನ್ನೊಬ್ಬ ಶಿಷ್ಯ ಫ್ರಾಂಕ್ ಲಿಯಾಂಗ್ 1983ರ ಪ್ರಬಂಧದಲ್ಲಿ ಬಿಡಿಸಿದರು. ಇಂಗ್ಲಿಷಿಗೆ ಅವರಿಗೆ ಸಾಕಾದದ್ದು 4,447 ಮಾದರಿಗಳು.

ಒಂದು ವರ್ಷದ ಬಿಡುವಿನಲ್ಲಿ ಮುಗಿದೀತು ಎಂದುಕೊಂಡ ಕೆಲಸ ಹತ್ತು ವರ್ಷ ದಾಟಿತು. ಟೆಕ್‌ನಿಂದಲೇ ಕಟ್ಟಿದ ಎರಡನೆಯ ಸಂಪುಟ 1981ರಲ್ಲಿ ಹೊರಬಂದಾಗ ತಾವೇ ರೂಪಿಸಿದ್ದ ಅಕ್ಷರಗಳು ಅವರಿಗೆ ಒಪ್ಪಲಿಲ್ಲ. ಹರ್ಮನ್ ಜಾಪ್‌ರಂಥ ಅಕ್ಷರ ವಿನ್ಯಾಸಕರಿಂದ ಕಲಿತು, ಆ ಅಕ್ಷರಗಳನ್ನೆಲ್ಲ ಮತ್ತೆ ಬರೆದರು. ಇಷ್ಟೆಲ್ಲ ದುಡಿದು ಕಟ್ಟಿದ್ದನ್ನು ಉಚಿತವಾಗಿ ಕೊಟ್ಟುಬಿಟ್ಟರು. ತಪ್ಪು ಹುಡುಕಿದವರಿಗೆ ಚೆಕ್ ಬರೆದರು, ಮೊತ್ತ 327.68 ಡಾಲರ್‌ವರೆಗೆ ಏರಿತು. ಟೆಕ್‌ನ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ 'ಲಾಟೆಕ್'ನಲ್ಲಿ ಲೇಖಕ ಅಳತೆಯ ಗೊಡವೆಯಿಲ್ಲದೆ 'ಇದು ಅಧ್ಯಾಯ, ಇದು ಅಡಿಟಿಪ್ಪಣಿ' ಎಂದಷ್ಟೇ ಹೇಳಿದರಾಯಿತು. ಇಂದು ಗಣಿತ, ಭೌತವಿಜ್ಞಾನದ ಪ್ರಬಂಧಗಳು ಬಹುಪಾಲು ಅದರಲ್ಲೇ ಸಿದ್ಧವಾಗುತ್ತವೆ.

ಕನ್ನಡಕ್ಕೆ ಈ ದಾರಿ ಸಲೀಸಾಗಿರಲಿಲ್ಲ. ಅಕ್ಷರದ ಮೇಲೆ, ಪಕ್ಕದಲ್ಲಿ ಸ್ವರಚಿಹ್ನೆ, ಕೆಳಗೆ ಒತ್ತು. 1990ರ ಪರಿಷ್ಕರಣೆಯ ನಂತರವೂ ಟೆಕ್‌ನ ಒಂದು ಫಾಂಟಿನಲ್ಲಿ ಅಕ್ಷರರೂಪಗಳಿಗೆ ಇದ್ದದ್ದು 256 ಮನೆಗಳು ಮಾತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಬೇರೊಂದು ಪ್ರೋಗ್ರಾಮಿನಿಂದ ಪರಿವರ್ತಿಸಿ ಪುಟ ಪಡೆಯಬೇಕಿತ್ತು. 2004ರಲ್ಲಿ ಜೊನಾಥನ್ ಕ್ಯೂ ಅವರ 'ಝೀಟೆಕ್' ಯುನಿಕೋಡ್ ಬರಹವನ್ನು ನೇರವಾಗಿ ಓದಿತು. ಕನ್ನಡದಲ್ಲೇ 'ಶಾಸ್ತ್ರ' ಎಂದು ಟೈಪ್ ಮಾಡಿದರೆ ಸಕಾರಕ್ಕೆ ತಕಾರ, ರಕಾರದ ಒತ್ತುಗಳು ಫಾಂಟಿನ ನಿಯಮದಂತೆ ತಾವೇ ಬಂದು ಕೂರುತ್ತವೆ. ಸಮಾಸಪದಗಳಿಂದ ಉದ್ದವಾಗುವ ಕನ್ನಡದ ಸಾಲುಗಳಲ್ಲಿ ಬಿರುಕು ಬೀಳದಂತೆ ಪದ ಒಡೆಯಲು ಲಿಯಾಂಗ್ ವಿಧಾನದ ಕನ್ನಡ ಮಾದರಿಗಳೂ ಈಗ ಟೆಕ್ ಜೊತೆಗೇ ಸಿಗುತ್ತವೆ.