‘ಸಂದೇಹಿಸುತ್ತೇನೆ’ ಎನ್ನುವ ಆಟ



ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ನನಗೊಂದು ದಾಳದಾಟವನ್ನು ಕಲಿಸಿದಳು. ಪೆರು, ಚಿಲಿ ಮೊದಲಾದ ದೇಶಗಳಲ್ಲಿ ಜನಪ್ರಿಯವಾದ ಅದರ ಹೆಸರು ‘ದೂದೊ’. ಸ್ಪ್ಯಾನಿಷ್ ಭಾಷೆಯಲ್ಲಿ ‘ಸಂದೇಹಿಸುತ್ತೇನೆ’ ಎಂದರ್ಥ.

ಪ್ರತಿಯೊಬ್ಬರಿಗೂ 5 ದಾಳ, ಒಂದು ಲೋಟ. ದಾಳಗಳನ್ನು ಕುಲುಕಿ, ಲೋಟವನ್ನು ಬೋರಲು ಹಾಕಿ, ತಮ್ಮವನ್ನು ಮಾತ್ರ ಇಣುಕಿ ನೋಡಬೇಕು. ಮೊದಲನೆಯವರು ‘ಎಲ್ಲರದೂ ಸೇರಿ ಕನಿಷ್ಠ ನಾಲ್ಕು ದಾಳಗಳಲ್ಲಿ 3 ಬಿದ್ದಿದೆ’ ಎಂಬಂತೆ ಸಾರುತ್ತಾರೆ. ಅದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಮುಂದಿನವರು ಅದನ್ನು ಏರಿಸಬೇಕು, ಇಲ್ಲವೇ ‘ದೂದೊ’ ಎನ್ನಬೇಕು. ಆಗ ಎಲ್ಲರೂ ಲೋಟಗಳನ್ನೆತ್ತಿ ಎಣಿಸುತ್ತಾರೆ. ಸಾರಿದಷ್ಟು ಇಲ್ಲದಿದ್ದರೆ ಸಾರಿದವರೂ, ಇದ್ದರೆ ಸಂದೇಹಿಸಿದವರೂ ಒಂದು ದಾಳವನ್ನು ಕಳೆದುಕೊಳ್ಳುತ್ತಾರೆ. 1 ಬಿದ್ದ ದಾಳವು ಯಾವ ಸಂಖ್ಯೆಯಾಗಿಯಾದರೂ ಲೆಕ್ಕಕ್ಕೆ ಬರುತ್ತದೆ. ಕೊನೆಯಲ್ಲಿ ದಾಳ ಉಳಿಸಿಕೊಂಡವರೇ ಗೆದ್ದವರು.

ಸಂದೇಹಕ್ಕೂ ಗಣಿತದ ಆಧಾರವುಂಟು. ಐವರಿದ್ದರೆ ದಾಳಗಳು 25. ಒಂದು ದಾಳದ ಆರು ಮುಖಗಳಲ್ಲಿ 3 ಮತ್ತು 1, ಈ ಎರಡೂ ‘ಮೂರು’ ಎಂದೇ ಎಣಿಕೆಯಾಗುವುದರಿಂದ ಸರಾಸರಿ ಎಂಟು ನಿರೀಕ್ಷಿಸಬಹುದು. ಹನ್ನೆರಡು ಎಂದವರನ್ನು ಸಂದೇಹಿಸುವುದೇ ಲೇಸು.

ಇಂಕಾ ದೊರೆ ಅತಾಹುವಾಲ್ಪನೇ ಈ ಆಟವನ್ನು ಸ್ಪೇನಿನ ಪಿಸಾರೊನಿಗೆ ಕಲಿಸಿದನೆಂಬ ಕಥೆಯುಂಟು. ಪಿಸಾರೊ ಅವನನ್ನು 1532ರಲ್ಲಿ ಸೆರೆಹಿಡಿದು, 1533ರಲ್ಲಿ ಕೊಲ್ಲಿಸಿದ್ದು ಇತಿಹಾಸ. ಆದರೆ ಆಟ ಕಲಿಸಿದ್ದಕ್ಕೆ ಆಧಾರವೇನು? ಆಟದ ಹೆಸರೇ ಸ್ಪ್ಯಾನಿಷ್! ಇತಿಹಾಸದ ಮೇಷ್ಟರಾಗಿ ನಾನು ಈ ಕಥೆಗೆ ‘ದೂದೊ’ ಎನ್ನುತ್ತೇನೆ.

ನಮ್ಮ ಮಹಾಭಾರತದ ದ್ಯೂತಸಭೆಯಲ್ಲಿಯೂ ಸಂದೇಹಿಸಿದವನೊಬ್ಬನಿದ್ದ. ದ್ರೌಪದಿಯನ್ನು ಪಣವಾಗಿ ಗೆದ್ದದ್ದು ನ್ಯಾಯವಲ್ಲವೆಂದ ಕೌರವ ವಿಕರ್ಣನನ್ನು ಕರ್ಣನು ‘ನೀನಿನ್ನೂ ಹುಡುಗ’ ಎಂದು ಜರೆದನು.

ನಾನೂ ಹಾಗೆಯೇ ಮಾಡಿದ್ದೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿ ರಾಜನೊಬ್ಬನ ಕಥೆಯನ್ನು ಸೊಗಸಾಗಿ ಹೇಳುತ್ತಿದ್ದಾಗ ಹುಡುಗನೊಬ್ಬ ಎದ್ದು, “ಇದಕ್ಕೆ ಆಧಾರವೇನು ಸಾರ್?” ಎಂದ. ನನಗೆ ತಿಳಿದಿರಲಿಲ್ಲ. ಅದನ್ನು ಒಪ್ಪಿಕೊಳ್ಳದೆ, ಅಧಿಕಪ್ರಸಂಗಿ ಎಂದು ಗದರಿಸಿ, ತರಗತಿ ಮುಗಿಯುವವರೆಗೆ ಅವನನ್ನು ನಿಲ್ಲಿಸಿದೆ. ಆಮೇಲೆ ಆ ವರ್ಷವಿಡೀ ಅವನು ಪ್ರಶ್ನೆ ಕೇಳಲಿಲ್ಲ.

ಹಣ ಕಟ್ಟದೆ, ಮನೆಮಂದಿಯೆಲ್ಲ ಕುಳಿತು ಈ ಆಟವನ್ನು ಆಡಿ ನೋಡಿ. ಹಿರಿಯರ ಮಾತನ್ನು ಮಕ್ಕಳು ಸಂದೇಹಿಸಿದಾಗ ಕೋಪಿಸಿಕೊಳ್ಳದೆ ಲೋಟವನ್ನೆತ್ತಿ ತೋರಿಸಿ. ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಅಂದು ಸೋತವನು ನಾನೇ ಎಂದು ತಿಳಿದು ಕ್ಷಮಿಸಲಿ.