ಕನ್ನಡ ರಂಗ ಮತ್ತು ತೆರೆಯ ಮೇಲೆ ಸಿದ್ದಿಗಳು

ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು ಕನ್ನಡ ರಂಗಭೂಮಿಗೂ ಚಲನಚಿತ್ರಕ್ಕೂ ಬಂದು ಸೇರಿದ ಬಗೆ ಈ ಲೇಖನದ ವಿಷಯ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲ್ಲೂಕುಗಳ ಕಾಡಂಚಿನ ಊರುಗಳು ಸಿದ್ದಿಗಳ ಮುಖ್ಯ ನೆಲೆ; ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲೂ ಅವರಿದ್ದಾರೆ. ಮಾನವಶಾಸ್ತ್ರದ ಗ್ರಂಥಗಳಲ್ಲಿ ಇವರು ಬುಡಕಟ್ಟು, ಸಿನಿಮಾ ಬರಹಗಳಲ್ಲಿ ಒಂದು ಜನಪ್ರಿಯ ಹಾಡಿನ ದನಿ. ಆಫ್ರಿಕಾದ ಚಿತ್ರಗಳ ಮಾತು ಬಂದಾಗ ಮಾತ್ರ ಇವರ ಹೆಸರು ಬರುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಚರಿತ್ರೆಯ ಕ್ರಮವೇ ಬೇರೆಯಾಗಿ ಕಾಣುತ್ತದೆ.

ಮೂಲ: ಸಿದ್ದಿಗಳು ಯಾವಾಗ, ಹೇಗೆ ಬಂದರೆಂಬುದಕ್ಕೆ ಒಂದೇ ಉತ್ತರವಿಲ್ಲ. ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನನಂಥ ಹಬಶಿ, ಅಂದರೆ ಆಫ್ರಿಕಾ ಮೂಲದ, ಸರದಾರರಿದ್ದರು; ಅಹ್ಮದ್‌ನಗರದಲ್ಲಿ ಮಲಿಕ್ ಅಂಬರ್ ರಾಜ್ಯವನ್ನೇ ನಡೆಸಿದ. ಆದರೆ ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರಲ್ಲಿ ಬಹುಪಾಲು ಜನ ಪೋರ್ಚುಗೀಸರು ಗೋವೆಗೆ ತಂದ ಗುಲಾಮರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಂಬುದು ಹೆಚ್ಚು ಒಪ್ಪಿಗೆಯಾದ ವಾದ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಸಿದ್ದಿಗಳಲ್ಲಿ ಆಫ್ರಿಕಾದ ಬಾಂಟು ಜನರ ಅಂಶದ ಜೊತೆಗೆ ಭಾರತೀಯ ಮತ್ತು ಯುರೋಪಿನ ಅಂಶವನ್ನೂ ಗುರುತಿಸಿತು. ಸರದಾರರ ಕಥೆಯನ್ನೂ ಗುಲಾಮರ ಕಥೆಯನ್ನೂ ಬೆರೆಸಿ ಒಂದೇ ವಂಶಾವಳಿ ಮಾಡುವುದು ಸರಿಯಲ್ಲ. ಇಂದು ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಎಂಬ ಮೂರೂ ಧರ್ಮದವರಿದ್ದಾರೆ. ಮನೆಮಾತಿನಲ್ಲಿ ಕೊಂಕಣಿ, ಕನ್ನಡ, ಮರಾಠಿ, ಉರ್ದು ಬೆರೆತಿವೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೂ ಧಾರವಾಡ, ಬೆಳಗಾವಿಯವರು 2020ರಲ್ಲೂ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು.

ರಂಗಭೂಮಿ: ತೆರೆಯ ಚರಿತ್ರೆ ಇಲ್ಲಿ ರಂಗದ ಮೇಲೆ ಶುರುವಾಗುತ್ತದೆ. 1949ರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಂ 1980ರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯಡಿ ಹಳ್ಳಿಹಳ್ಳಿಗೆ ನಾಟಕ ಮತ್ತು ಸಿನಿಮಾ ಶಿಬಿರಗಳನ್ನು ಒಯ್ದಿತು. ಆ ದಶಕದ ಮಧ್ಯದಲ್ಲಿ ರಂಗನಿರ್ದೇಶಕ ಚಿದಂಬರರಾವ್ ಜಂಬೆ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯ ಸುತ್ತಲಿನ ಸಿದ್ದಿಗಳನ್ನು ಕೂಡಿಸಿ ‘ಕಪ್ಪು ಜನ ಕೆಂಪು ನೆರಳು’ ನಾಟಕ ಮಾಡಿಸಿದರು. ನೈಜೀರಿಯಾದ ಚಿನುವಾ ಅಚೆಬೆಯ 1958ರ ಕಾದಂಬರಿ ‘ಥಿಂಗ್ಸ್ ಫಾಲ್ ಅಪಾರ್ಟ್’ ಅದಕ್ಕೆ ಆಧಾರ. ಕಥಾನಾಯಕ ಒಕೊಂಕ್ವೊನ ಊರಿಗೆ ಬಿಳಿಯರ ಆಡಳಿತವೂ ಪಾದ್ರಿಗಳೂ ಬಂದು ಹಳೆಯ ಬದುಕು ಬಿರುಕು ಬಿಡುವ ಕಥೆ ಅದು. ಅದನ್ನು ಆಡಿದವರು ಜೀತ, ಕೂಲಿ, ಕಾಡಿನ ಕಾನೂನು ಮೂರನ್ನೂ ಕಂಡವರು. ಪಶ್ಚಿಮ ಆಫ್ರಿಕಾದ ಇಗ್ಬೊ ಜನರ ಕಥೆಯನ್ನು ಪೂರ್ವ ಆಫ್ರಿಕಾದ ಕಡೆಯಿಂದ ಬಂದವರ ಮೊಮ್ಮಕ್ಕಳು ಕನ್ನಡದಲ್ಲಿ ಹೇಳಿದ್ದು ಸುಲಭದ ಹೊಂದಿಕೆಯಲ್ಲ. ಇಲ್ಲಿ ಕೂಡಿಬಂದದ್ದು ಕುಲವಲ್ಲ, ಅನುಭವ. ಮುಂದೆ ಮೈಸೂರಿನ ರಂಗಾಯಣದ ನಿರ್ದೇಶಕರೂ ಆದ ಜಂಬೆಯವರ ಕೆಲಸಗಳಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಜಾಗ ಸಲ್ಲಬೇಕು.

ಅದೇ ಕಾದಂಬರಿ ಕ್ಯಾಮೆರಾದ ಮುಂದೆ ಪಟ್ಟ ಪಾಡನ್ನು ಪಕ್ಕಕ್ಕಿಟ್ಟು ನೋಡಬೇಕು. 1971ರಲ್ಲಿ ಜರ್ಮನಿಯ ಹಾನ್ಸ್‌ಯೂರ್ಗನ್ ಪೊಹ್ಲಾಂಡ್ ಅದನ್ನು ಅಚೆಬೆಯ ಮತ್ತೊಂದು ಕಾದಂಬರಿಯೊಂದಿಗೆ ಬೆಸೆದು ‘ಬುಲ್‌ಫ್ರಾಗ್ ಇನ್ ದ ಸನ್’ ತೆಗೆದ. ನೈಜೀರಿಯಾದ ದೂರದರ್ಶನ ಪೀಟ್ ಎಡೋಚಿಯನ್ನು ಒಕೊಂಕ್ವೊ ಮಾಡಿ ಧಾರಾವಾಹಿ ತಂದದ್ದು 1987ರಲ್ಲಿ. ಅಂದರೆ ನೈಜೀರಿಯಾದ ಕಿರುತೆರೆಗೂ ಮಂಚಿಕೇರಿಯ ರಂಗಕ್ಕೂ ಒಕೊಂಕ್ವೊ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಂದ.

ಚಿತ್ರಸಮಾಜಗಳು: ಬೆಂಗಳೂರಿನ ಸುಚಿತ್ರಾ (1971) ಮತ್ತು ಕೆ.ವಿ. ಸುಬ್ಬಣ್ಣನವರ ನೀನಾಸಂ ಚಿತ್ರಸಮಾಜ (1973) ಹೊರದೇಶದ ಚಿತ್ರಗಳಿಗೆ ಕರ್ನಾಟಕದಲ್ಲಿ ದಾರಿ ತೆರೆದವು. ಹಳ್ಳಿಗೆ ಸಿನಿಮಾ ಒಯ್ದ ಹೆಗ್ಗೋಡಿನ ಪ್ರಯೋಗಕ್ಕೂ ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಹಿಡಿದ ದಾರಿಗೂ ಹತ್ತಿರದ ಹೋಲಿಕೆಯಿದೆ. ಮಾರ್ಸೇಲ್ಸ್ ಬಂದರಿನ ಕೂಲಿಯಾಗಿದ್ದು ಕಾದಂಬರಿಕಾರನಾದ ಸೆಂಬೆನ್, ತನ್ನ ಜನಕ್ಕೆ ಪುಸ್ತಕ ಎಟುಕದೆಂದು ಅರಿತು ಸಿನಿಮಾ ಹಿಡಿದ. ಹಳ್ಳಿಗಳಿಗೆ ಚಿತ್ರ ಹೊತ್ತೊಯ್ದು ತೋರಿಸಿ ಚರ್ಚೆ ನಡೆಸಿದ. ದಕಾರಿನ ಹುಡುಗಿಯೊಬ್ಬಳು ಫ್ರಾನ್ಸಿನಲ್ಲಿ ಮನೆಗೆಲಸದವಳಾಗಿ ನಲುಗುವ ‘ಬ್ಲ್ಯಾಕ್ ಗರ್ಲ್’ (1966), ವೊಲೊಫ್ ಭಾಷೆಯ ‘ಮಂಡಾಬಿ’ (1968) ಇಂದಿಗೂ ನೋಡಬೇಕಾದ ಚಿತ್ರಗಳು. ಸ್ವಂತ ನುಡಿಯಲ್ಲಿ ಚಿತ್ರ ಮಾಡುವ ಹಟ ಏನೆಂದು ತಿಳಿದ ಕನ್ನಡಿಗರಿಗೆ ಎರಡನೆಯದು ವಿಶೇಷವಾಗಿ ಆಪ್ತವಾದೀತು.

ಸಿದ್ದಿಗಳ ಚರಿತ್ರೆಗೆ ಇನ್ನೂ ಹತ್ತಿರದವು ಆಫ್ರಿಕಾದಿಂದ ಹೊರಗೆ ಒಯ್ಯಲ್ಪಟ್ಟವರ ಚಿತ್ರಗಳು. ಮಾರ್ಟಿನೀಕ್‌ನ ಕಬ್ಬಿನ ತೋಟಗಳ ಬಾಲ್ಯವನ್ನು ಹೇಳುವ ಯೂಜಾನ್ ಪಾಲ್ಸಿಯ ‘ಶುಗರ್ ಕೇನ್ ಆಲಿ’ (1983), ಗುಲಾಮಗಿರಿಯ ನೆನಪಿಗೆ ಮರಳುವ ಹೈಲೆ ಗೆರಿಮಾನ ‘ಸಂಕೋಫಾ’ (1993) ಇವುಗಳಲ್ಲಿ ಮುಖ್ಯ. ಒಂದನ್ನೇ ಆರಿಸುವುದಾದರೆ ಜೂಲಿ ಡ್ಯಾಶ್‌ಳ ‘ಡಾಟರ್ಸ್ ಆಫ್ ದ ಡಸ್ಟ್’ (1991). ಅಮೆರಿಕದ ಕರಾವಳಿ ದ್ವೀಪಗಳಲ್ಲಿ ಬೆರಕೆ ನುಡಿಯನ್ನೂ ಪೂರ್ವಿಕರ ಆಚರಣೆಗಳನ್ನೂ ಉಳಿಸಿಕೊಂಡ ಗಲ್ಲಾ ಜನರ ಒಂದು ಕುಟುಂಬ 1902ರಲ್ಲಿ ಊರು ಬಿಡುವ ಹೊತ್ತಿನ ಕಥೆ ಅದರದು. ಅದನ್ನು ನೋಡಿದವರಿಗೆ ಯಲ್ಲಾಪುರದ ಕಾಡಂಚಿನ ಸಿದ್ದಿ ಮನೆಗಳು ನೆನಪಾಗದೆ ಇರವು.

ಭಾರತೀಯ ತೆರೆ: ಇಲ್ಲಿ ಬಹುಕಾಲ ಹಬಶಿಯ ಪಾತ್ರಕ್ಕೆ ಬಣ್ಣವೇ ಸಾಕಾಯಿತು. ಕಮಾಲ್ ಅಮ್ರೋಹಿಯ ‘ರಝಿಯಾ ಸುಲ್ತಾನ್’ (1983) ಚಿತ್ರದಲ್ಲಿ ಹಬಶಿ ಯಾಕೂತನಾಗಿ ನಟಿಸಿದ ಧರ್ಮೇಂದ್ರರ ಮುಖಕ್ಕೆ ಕಪ್ಪು ಬಳಿಯಲಾಯಿತು. ಮಂಚಿಕೇರಿಯ ನಾಟಕಕ್ಕೂ ಈ ಚಿತ್ರಕ್ಕೂ ಹೆಚ್ಚು ವರ್ಷಗಳ ಅಂತರವಿಲ್ಲ. ದೃಷ್ಟಿಯ ಅಂತರ ಮಾತ್ರ ಬಹಳ ದೊಡ್ಡದು. ಮಲಯಾಳಂನ ‘ಸುಡಾನಿ ಫ್ರಮ್ ನೈಜೀರಿಯಾ’ (2018) ಮಲಪ್ಪುರಂನ ಕಾಲ್ಚೆಂಡಾಟದ ಅಂಗಳಕ್ಕೆ ಬಂದ ನೈಜೀರಿಯಾದ ಆಟಗಾರನನ್ನು ಮನೆಯವನಂತೆ ನೋಡಿತು. ಆ ಪಾತ್ರದಲ್ಲಿ ನೈಜೀರಿಯಾದ ನಟ ಸ್ಯಾಮ್ಯುಯೆಲ್ ಅಬಿಯೋಲಾ ರಾಬಿನ್ಸನ್ ನಟಿಸಿದರು.

ಕನ್ನಡದಲ್ಲಿ ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿ, ಯೋಗರಾಜ ಭಟ್ಟರ ‘ಪರಮಾತ್ಮ’ (2011) ಚಿತ್ರದ ಮೂಲಕ ಗುರುತಿಸಿಕೊಂಡರು. ಇದನ್ನು ಸಿದ್ದಿಗಳ ‘ಪ್ರವೇಶ’ ಎಂದು ಕರೆಯುವುದಕ್ಕಿಂತ ಮಂಚಿಕೇರಿ, ಹೆಗ್ಗೋಡುಗಳಲ್ಲಿ ಹರಿದ ನೀರು ಬೆಂಗಳೂರು ಮುಟ್ಟಿತೆನ್ನುವುದು ಹೆಚ್ಚು ಸರಿ. 2021ರ ಅಕ್ಟೋಬರ್‌ನಲ್ಲಿ ತೆರೆಕಂಡ, ದುನಿಯಾ ವಿಜಯ್ ನಟಿಸಿ ನಿರ್ದೇಶಿಸಿದ ‘ಸಲಗ’ ಚಿತ್ರಕ್ಕೆ ಚರಣ್ ರಾಜ್ ಸಂಯೋಜಿಸಿದ ‘ಟಿಣಿಂಗ ಮಿಣಿಂಗ ಟಿಶ್ಯಾ’ ಹಾಡಿನಲ್ಲಿ ಗಿರಿಜಾ ಸಿದ್ದಿ, ಗೀತಾ ಸಿದ್ದಿ ಮೊದಲಾದವರ ದನಿಯಿದೆ. ಹಬ್ಬ, ಮದುವೆಗಳಲ್ಲಿ ಡಮಾಮಿ ಎಂಬ ಚರ್ಮವಾದ್ಯ ಬಡಿದು ಕುಣಿಯುವ ಅಂಗಳಗಳಿಂದ ಬಂದ ಆ ದನಿ ರಾಜ್ಯದ ಮೂಲೆಮೂಲೆಯ ಮೊಬೈಲ್‌ಗಳಲ್ಲಿ ಕೇಳಿಸಿತು. ಸಿದ್ದಿ ಎಂಬ ಹೆಸರನ್ನು ಎಷ್ಟೋ ಕನ್ನಡಿಗರು ಮೊದಲ ಸಲ ಓದಿದ್ದು ಆ ಹಾಡಿನ ಗಾಯಕರ ಪಟ್ಟಿಯಲ್ಲಿ.