ತಡವಾಗಿ ಬಂದ ಅತಿಥಿ

ಮಹಾಯುದ್ಧ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. 1946ರ ಜುಲೈ 8ರಂದು ಫಿಲಡೆಲ್ಫಿಯದ ಮೂರ್ ಸ್ಕೂಲಿನಲ್ಲಿ ಗಣಕಯಂತ್ರಗಳನ್ನು ಕುರಿತ ಉಪನ್ಯಾಸಮಾಲೆಯೊಂದು ಆರಂಭವಾಯಿತು. ಕೇಂಬ್ರಿಜ್ಜಿನಿಂದ ಹೊರಟ ಮಾರಿಸ್ ವಿಲ್ಕ್ಸ್ ತಲಪುವ ವೇಳೆಗೆ ಉಳಿದಿದ್ದುದು ಎರಡೇ ವಾರ. ಆದರೂ ಆದೇಶಗಳನ್ನೂ ಅಂಕಿಗಳನ್ನೂ ಯಂತ್ರದ ಸ್ಮರಣಕೋಶದಲ್ಲಿಯೇ ಒಟ್ಟಿಗೆ ಇಡಬೇಕೆಂಬ ಮೂಲತತ್ತ್ವವನ್ನು ಅವರು ಗ್ರಹಿಸಿದರು. ಮರಳುವ ಹಡಗಿನಲ್ಲಿಯೇ ತಮ್ಮ ಯಂತ್ರದ ನಕ್ಷೆಗೆ ಕೈಹಾಕಿದರು. 1949ರ ಮೇ 6ರಂದು ಅವರ ‘ಎಡ್ಸ್ಯಾಕ್’ ವರ್ಗಸಂಖ್ಯೆಗಳ ಪಟ್ಟಿಯನ್ನು ಅಚ್ಚುಮಾಡಿತು.

ಆತಿಥೇಯರ ಮನೆಯಲ್ಲಿ ಆದುದೇನು? ಪೇಟೆಂಟಿನ ವ್ಯಾಜ್ಯದಿಂದ ಎಕರ್ಟ್, ಮಾಕ್ಲಿ ಇಬ್ಬರೂ 1946ರ ಮಾರ್ಚಿಯಲ್ಲೇ ಸಂಸ್ಥೆಯನ್ನು ತೊರೆದಿದ್ದರು. ಅಲ್ಲಿ ರೂಪುಗೊಂಡ ‘ಎಡ್ವ್ಯಾಕ್’ ಕೆಲಸಕ್ಕೆ ತೊಡಗಿದ್ದು 1951ರಲ್ಲಿ.

ವಿದ್ಯೆ ಹಂಚಿದರೆ ಹೆಚ್ಚುವುದೆಂಬ ಮಾತು ನಮಗೆ ಹೊಸದಲ್ಲ. ಹಂಚಿದವನಿಗಿಂತ ಪಡೆದವನ ಮನೆಯಲ್ಲಿ ದೀಪ ಮೊದಲು ಹೊತ್ತುವುದೂ ಉಂಟು. ಅಷ್ಟಕ್ಕೇ ಹಂಚಿದ್ದು ನಷ್ಟವಾಯಿತೆನ್ನಬಹುದೆ?